ತಿರುವಿನ ಮನೆಯ ನೀರು

ಮಾಗಡಿಯಿಂದ ಸಾವನದುರ್ಗದ ಬುಡ ಬಳಸಿ ಮಂಚನಬೆಲೆ ಕಡೆಗೆ ಇಳಿಯುವ ರಸ್ತೆಯಲ್ಲಿ ಎಷ್ಟು ತಿರುವುಗಳಿವೆ ಎಂದು ಕೇಳಿದರೆ ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಈ ಸೊಕ್ಕು ನನಗೆ ಮೊದಲಿನಿಂದಲೂ ಇದೆ. ನನ್ನ ಹೆಸರು ಮಹೇಂದ್ರ, ತಿಪ್ಪಸಂದ್ರದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಭಾನುವಾರ ಬೆಂಗಳೂರಿನಿಂದ ಸೈಕಲ್ ತುಳಿಯಲು ಬರುವವರಿಗೆ ಮಾತ್ರ ನಾನು ‘ರೂಟ್ ಮೇಷ್ಟ್ರು’. ಎಲ್ಲಿ ಏರು, ಎಲ್ಲಿ ಕಾಡಿನ ನೆರಳು, ಯಾವ ಊರಿನ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಎಲ್ಲಿ ಬಿಸಿ ಇಡ್ಲಿ ಸಿಗುತ್ತದೆ, ಎಲ್ಲವನ್ನೂ ಬರೆದು ಅವರ ಫೋನಿಗೆ ಕಳಿಸುತ್ತೇನೆ. ನನ್ನ ಮಾತು ಕೇಳದೆ ಹೋದವರು ದಾರಿ ತಪ್ಪಿದರೆ ಒಳಗೊಳಗೇ ಖುಷಿಪಡುತ್ತೇನೆ.

ಆ ರಸ್ತೆಯಲ್ಲಿ ಏರು ಮುಗಿಯುವ ತಿರುವಿಗೆ ನಾನೇ ಬರೆದಿದ್ದೆ: ‘ಇಲ್ಲಿ ನೀರು ಸಿಗುತ್ತದೆ. ಹನುಮಂತಮ್ಮನ ಮನೆ.’ ಹನುಮಂತಮ್ಮ ನನ್ನ ಚಿಕ್ಕವ್ವ, ನಮ್ಮವ್ವನ ತಂಗಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಒಬ್ಬಳೇ ರೇಷ್ಮೆ ಹುಳ ಸಾಕುತ್ತಾಳೆ. ಆ ತಿರುವಿನಲ್ಲಿ ಇರುವುದು ಎರಡೇ ಮನೆ. ಬೇಲಿಯ ಆಚೆಯದು ಅಂಕಯ್ಯನದು. ಅವನಿಗೂ ಹೆಂಡತಿ ಇಲ್ಲ. ಚಿಕ್ಕವ್ವ ಸಾರು ಮಾಡಿದರೆ ಒಂದು ಬಟ್ಟಲು ಬೇಲಿ ದಾಟುತ್ತಿತ್ತು. ಅವಳಿಗೆ ಮೈ ಸರಿಯಿಲ್ಲದ ದಿನ ಸೊಪ್ಪು ಕೊಯ್ದು ಹುಳಕ್ಕೆ ಹಾಕುತ್ತಿದ್ದವನು ಅಂಕಯ್ಯನೇ. ಅವಳನ್ನು ಅಕ್ಕ ಎಂದು ಕರೆಯುತ್ತಿದ್ದ, ಅಕ್ಕನ ಹಾಗೇ ನಡೆಸಿಕೊಳ್ಳುತ್ತಿದ್ದ.

ಎರಡು ವರ್ಷದ ಹಿಂದಿನ ಒಂದು ಭಾನುವಾರ. ಹತ್ತು ಹನ್ನೆರಡು ಜನ ಏರು ಹತ್ತುತ್ತಿದ್ದೆವು. ಮಳೆ ನಿಂತ ಹೊಸತು, ಕಾಡಿನಲ್ಲಿ ಗುಂಗುರು ಮುಖಕ್ಕೇ ಮುತ್ತುತ್ತಿತ್ತು. ನಮ್ಮ ಗುಂಪಿನ ಡಾಕ್ಟರ್ ಮೆಹ್ರೀನ್ ಸೊಳ್ಳೆ ಕಚ್ಚದಂತೆ ಮೈಗೆ ಹೊಡೆದುಕೊಳ್ಳುವ ಒಂದು ಸಣ್ಣ ಸ್ಪ್ರೇ ಬಾಟಲಿ ಕೊಟ್ಟರು. ನಾನು ಕೈಗೂ ಕಾಲಿಗೂ ಧಾರಾಳವಾಗಿ ಹೊಡೆದುಕೊಂಡೆ. ಪುಕ್ಕಟೆ ಸಿಕ್ಕಿದ್ದಕ್ಕೆ ಜಿಪುಣತನ ಯಾಕೆ?

ತಿರುವಿಗೆ ಬಂದಾಗ ಚಿಕ್ಕವ್ವ ತೋಟದಲ್ಲಿದ್ದಳು. ಹೊಸಬರೊಬ್ಬರು ರೇಷ್ಮೆ ಹುಳ ನೋಡೇ ಇಲ್ಲ ಎಂದರು. ಅಷ್ಟು ಸಾಕಾಯಿತು ನನ್ನ ಮೇಷ್ಟ್ರ ನಾಲಿಗೆಗೆ. ಅವರನ್ನೆಲ್ಲ ಬಾಗಿಲಾಚೆ ನಿಲ್ಲಿಸಿ, ನಾನು ಮಾತ್ರ ಪದ್ಧತಿಯಂತೆ ಕಾಲು ತೊಳೆದು, ಹೊಸಿಲಿನ ಸುಣ್ಣ ತುಳಿದು ಹುಳದ ಮನೆಯೊಳಗೆ ಹೋದೆ. ಹುಳಗಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಹಗಲು ರಾತ್ರಿ ತಿನ್ನುವ ಹೊತ್ತು. ಇನ್ನೊಂದು ವಾರಕ್ಕೆ ಗೂಡು ಕಟ್ಟುವ ಹುಳ. ಮೂಲೆಯಲ್ಲಿದ್ದ ಸೊಪ್ಪನ್ನು ಎರಡೂ ಕೈಯಲ್ಲಿ ಬಾಚಿ ತಟ್ಟೆ ತಟ್ಟೆಗೂ ಹರವಿದೆ. “ಕೇಳಿಸ್ಕೊಳ್ಳಿ, ಮಳೆ ಬಂದ ಹಾಗೆ ಸದ್ದು ಮಾಡ್ತವೆ” ಎಂದೆ. ಎಲ್ಲರೂ ಬಾಗಿಲಲ್ಲಿ ಕಿವಿಗೊಟ್ಟು ನಿಂತರು. ಕಾಲು ತೊಳೆದಿದ್ದ ನಾನು ಕೈ ತೊಳೆದಿರಲಿಲ್ಲ.

ಸಂಜೆ ಚಿಕ್ಕವ್ವನ ಫೋನು ಬಂತು. “ಲೋ ಮಗಾ, ಹುಳ ಎಲ್ಲಾ ತಲೆ ಎತ್ಕಂಡು ಹಸುರು ನೀರು ಕಕ್ತಾವೆ ಕಣ್ಲಾ. ಆ ಅಂಕಯ್ಯ ಟೊಮೊಟೊಗೆ ಮದ್ದು ಹೊಡ್ದವ್ನೆ. ನನ್ನ ಹುಳ ತೆಗೆದ್ಬುಟ್ಟ.”

ಅದು ನನ್ನ ಕೈಗೆ ಹೊಡೆದುಕೊಂಡಿದ್ದ ಸ್ಪ್ರೇಯ ಕೆಲಸ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಹುಳದ ಮನೆಯಲ್ಲೇ ಹುಟ್ಟಿ ಬೆಳೆದವನು ನಾನು. ಬೀಡಿ ಸೇದಿ ಬಂದ ಅಪ್ಪನನ್ನು ಅವ್ವ ಒಳಗೆ ಬಿಡುತ್ತಿರಲಿಲ್ಲ. ಘಮಘಮ ಎಣ್ಣೆ ಹಚ್ಚಿಕೊಂಡು ಒಳಗೆ ಹೋದೆನೆಂದು ನನಗೆ ಬೆನ್ನು ಮುರಿಯುವಂತೆ ಬಾರಿಸಿದ್ದಳು. ಈಗ ಬಾಯಿ ಬಿಟ್ಟು ಹೇಳಬೇಕಿತ್ತು. “ಅಯ್ಯೋ, ಹೌದಾ ಚಿಕ್ಕವ್ವ” ಎಂದಷ್ಟೇ ಹೇಳಿದೆ.

ಮಾರನೆಯ ದಿನ ಹೋದಾಗ ಅವಳು ಸತ್ತ ಹುಳವನ್ನು ತಟ್ಟೆಗಟ್ಟಲೆ ಗುಂಡಿಗೆ ಸುರಿದು ಸುಣ್ಣ ಹಾಕುತ್ತಿದ್ದಳು. ಬೇಲಿಯ ಕಡೆ ತಿರುಗಿ ತಿರುಗಿ ಶಾಪ ಹಾಕುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಎಮ್ಮೆ ಬೇಲಿಯಾಚೆ ತಲೆ ತಗ್ಗಿಸಿ ನಿಂತಿತ್ತು. ನಾನು ಹೊರಟಾಗ ಅಂಕಯ್ಯ ರಸ್ತೆಯ ತನಕ ಹಿಂದೆ ಬಂದ.

“ಮೇಷ್ಟ್ರೆ, ನೀವು ಓದಿರೋರು. ನಾನು ಮದ್ದು ಹೊಡ್ದು ಎರಡು ದಿನ ಆಗಿತ್ತು. ಗಾಳಿನೂ ಅಕ್ಕನ ತೋಟದ್ ಕಡೀಕೆ ಇರ್ಲಿಲ್ಲ. ಆದ್ರೂ ಹಿಂಗಾಯ್ತದಾ?”

ಆಗುವುದಿಲ್ಲ ಅಂಕಣ್ಣ, ಅದು ನಾನು ಮಾಡಿದ್ದು. ಇಷ್ಟೇ ಹೇಳಬೇಕಾಗಿದ್ದದ್ದು. ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಳ್ಳುತ್ತಾ, “ಆಗಬಹುದು” ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇಲ್ಲಿ ಮುಟ್ಟಿಕೊಂಡವನು ಅಂಕಯ್ಯ. ಮೂರು ದಿನದಲ್ಲಿ ಕಾಯಿ ತುಂಬಿದ್ದ ಟೊಮೊಟೊ ಗಿಡಗಳನ್ನೆಲ್ಲ ಕಿತ್ತುಹಾಕಿದ. ಚಿಕ್ಕವ್ವನ ಬಾಗಿಲಿಗೆ ಹೋಗಿ ಕೈಮುಗಿದ. ನನ್ನ ಅಂಗಳ ತುಳಿಯಬೇಡ ಎಂದಳು ಅವಳು. ಕೊನೆಗೆ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು, ಸಾತನೂರಿನಲ್ಲಿದ್ದ ಮಗಳು ಲತಾಮಣಿಯ ಮನೆಗೆ ಹೋಗಿಬಿಟ್ಟ.

ನಾನು ಮಾಡಿದ್ದೇನು? ರೂಟು ಬದಲಿಸಿದೆ. ಆ ತಿರುವು ಕಣ್ಣಿಗೆ ಬೀಳದಂತೆ ಕೆರೆ ಏರಿಯ ಮೇಲೆ ಆರು ಕಿಲೋಮೀಟರ್ ಬಳಸಿ ಹೋಗುವ ದಾರಿ ಹಾಕಿದೆ. ಸೈಕಲ್ಲಿನವರು ಹೊಗಳಿದ್ದೇ ಹೊಗಳಿದ್ದು. ಮೇಷ್ಟ್ರು ಹಾಕಿದ ದಾರಿಗಳಲ್ಲೆಲ್ಲ ಇದೇ ಚೆಂದ ಎಂದರು. ಹೇಡಿಯ ದಾರಿಗೂ ಮೆಚ್ಚುಗೆ ಸಿಗುತ್ತದೆಂದು ಆಗ ಗೊತ್ತಾಯಿತು.

ಈ ಸಲದ ಯುಗಾದಿಗೆ ಹೋಳಿಗೆ ಕೊಡಲು ಹೋದಾಗ ಚಿಕ್ಕವ್ವ ಬೇಲಿಯಾಚೆಯ ಬೀಗ ನೋಡುತ್ತಾ ಕೂತಿದ್ದಳು. “ಕೋಪದಲ್ಲಿ ಏನೇನೋ ಅಂದ್ಬುಟ್ಟೆ ಕಣ್ಲಾ. ಹುಳ ಇವತ್ತು ಹೋದ್ರೆ ನಾಳೆ ಬತ್ತದೆ. ಅಂತಾ ಮನ್ಸ ಎಲ್ಲಿ ಬತ್ತಾನೆ? ನೀನು ಊರೂರು ಸೈಕಲ್ ತುಳೀತೀಯಲ್ಲ, ಒಸಿ ಸಾತನೂರ್ಗೆ ಹೋಗಿ ಹೇಳು. ಅಕ್ಕ ಎಲ್ಲಾ ಮರ್ತವ್ಳೆ, ಬಾ ಅಂದ್ಲು ಅಂತ.”

ನನ್ನ ತಪ್ಪಿಗೆ ಅವನಿಗೆ ಸಿಕ್ಕ ಕ್ಷಮೆ. ಅದನ್ನು ಹೊತ್ತು ತಲುಪಿಸುವ ಕೆಲಸ ನನ್ನದು.

ಮುಂದಿನ ಭಾನುವಾರ ಬೆಳಗ್ಗೆ ಒಬ್ಬನೇ ಹೊರಟೆ. ರಾಮನಗರದ ಬಂಡೆಗಳ ನಡುವೆ ನುಗ್ಗಿ ಕನಕಪುರದ ರಸ್ತೆ ಹಿಡಿದೆ. ಕನಕಪುರ ದಾಟಿದ ಮೇಲೆ ರಸ್ತೆ ಏರಿ ಇಳಿಯುತ್ತದೆ, ಅಕ್ಕಪಕ್ಕ ಕುರುಚಲು ಕಾಡು, ದಿಬ್ಬ. ಬೇರೆ ದಿನವಾಗಿದ್ದರೆ ಪ್ರತಿ ಏರನ್ನೂ ಗುರುತು ಹಾಕಿಕೊಳ್ಳುತ್ತಿದ್ದೆ. ಅವತ್ತು ಒಂದೊಂದು ಏರಿನಲ್ಲೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಒಂದೊಂದು ಇಳಿಜಾರಿನಲ್ಲೂ ಮರೆತೆ. ಹೇಳಿಯೇ ಹೇಳುತ್ತೇನೆ ಎಂದುಕೊಂಡೇ ಸಾತನೂರು ಮುಟ್ಟಿದೆ.

ಅಂಕಯ್ಯ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ಸೊರಗಿದ್ದ. ಸುಧಾರಿಸಿಕೊಳ್ಳುವ ನೆಪದಲ್ಲಿ ಮೊದಲು ಚಿಕ್ಕವ್ವನ ಮಾತು ಹೇಳಿದೆ. ನನ್ನದು ಆಮೇಲೆ ಹೇಳೋಣ ಎಂದು. ಅಲ್ಲೇ ಕೆಟ್ಟದ್ದು. ಅವನು ಹುಲ್ಲಿನ ಹೊರೆಯ ಮೇಲೆ ಕುಸಿದು ಕೂತು ಅಳತೊಡಗಿದ.

“ದಿನಾ ದೇವ್ರಿಗೆ ಅದೇ ಕೇಳ್ಕತಿದ್ದೆ ಮೇಷ್ಟ್ರೆ. ಸಾಯೋದ್ರೊಳ್ಗೆ ಅಕ್ಕನ ಬಾಯಲ್ಲಿ ಬಾ ಅನ್ನುಸ್ಬುಡಪ್ಪಾ ಅಂತ. ಇಷ್ಟು ದೂರ ತುಳ್ಕಂಡು ಬಂದ್ರಲ್ಲ ನೀವು.” ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡ. ಅವೇ ಕೈಗಳು. ಲತಾಮಣಿ ಮಜ್ಜಿಗೆ ತಂದುಕೊಟ್ಟಳು, ಕುಡಿದೆ. ಊಟ ಮಾಡಿಕೊಂಡು ಹೋಗಿ ಎಂದಳು, ಮಾಡಿದೆ. ಹೇಳಲಿಲ್ಲ. ಹೇಳಿ ಇವನ ಸಂತೋಷ ಯಾಕೆ ಕೆಡಿಸಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿಸಿಕೊಂಡದ್ದು ನನ್ನ ಮರ್ಯಾದೆಯನ್ನು.

ಅಂಕಯ್ಯ ಆ ವಾರವೇ ವಾಪಸು ಬಂದ. ಸಾರಿನ ಬಟ್ಟಲು ಮತ್ತೆ ಬೇಲಿ ದಾಟುತ್ತಿದೆ. ನಿನ್ನ ಸೈಕಲ್ಲಿನವರು ಯಾಕೆ ಬರುವುದಿಲ್ಲ ಎಂದು ಚಿಕ್ಕವ್ವ ಕೇಳಿ ಕೇಳಿ ಹಳೆಯ ರೂಟನ್ನೇ ಹಾಕಿಸಿದಳು. ಈಗ ಭಾನುವಾರ ನಾವು ತಿರುವು ಮುಟ್ಟುವಷ್ಟರಲ್ಲಿ ಅಂಕಯ್ಯ ಬಿಂದಿಗೆ, ಚೊಂಬು ಇಟ್ಟುಕೊಂಡು ರಸ್ತೆಯಲ್ಲೇ ನಿಂತಿರುತ್ತಾನೆ.

“ಹುಳದ ಮನೆ ಹತ್ರ ಹೋಗ್ಬೇಡಿ ಸಾರ್, ಇಲ್ಲೇ ಕುಡೀರಿ” ಎಂದು ಕಳೆದ ವಾರವೂ ಶುರುಮಾಡಿದ. “ಅವು ಬಲೇ ಸೂಕ್ಷ್ಮ. ಒಂದ್ಸಲ ನನ್ನಿಂದ ಅಕ್ಕನ ಹುಳ ಅಷ್ಟೂ ಹೋದ್ವು. ಎರಡು ದಿನ ಮುಂಚೆ ಹೊಡ್ದಿದ್ದ ಮದ್ದು ನೋಡಿ.”

“ಬುಡ್ಲಾ, ವಾರ ವಾರ ಅದೇ ಪುರಾಣ” ಎಂದು ಚಿಕ್ಕವ್ವ ಜಗುಲಿಯಿಂದ ನಕ್ಕಳು.

“ನಮ್ಮ ತಪ್ಪು ನಾವು ಹೇಳ್ಕಂಡ್ರೆ ಹಗುರ ಆಯ್ತದೆ ಕಣಕ್ಕ” ಎಂದ ಅಂಕಯ್ಯ.

ಚೊಂಬು ಹಿಡಿದಿದ್ದ ಮೆಹ್ರೀನ್ ನನ್ನ ಕಡೆ ತಿರುಗಿದರು. “ಎರಡು ದಿನ ಆದ್ಮೇಲೂ ಹಾಗಾಗುತ್ತಾ ಮೇಷ್ಟ್ರೇ?”

“ಕೇಳಿ, ಕೇಳಿ. ಅವ್ರೇ ನಂಗೆ ಹೇಳಿದ್ದು” ಎಂದ ಅಂಕಯ್ಯ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಆಗಬಹುದು” ಎಂದೆ.

ಅಂಕಯ್ಯ ನೋಡಿದಿರಾ ಎಂಬಂತೆ ತಲೆಯಾಡಿಸಿ, ನನ್ನ ಬಾಟಲಿ ಇಸಿದುಕೊಂಡು ಕುತ್ತಿಗೆವರೆಗೂ ನೀರು ತುಂಬಿಸಿ ಕೊಟ್ಟ.