ಕುದುರೆಯ ಮುಂದಿನ ಪ್ಯಾದೆ

ಭಾಲ್ಕಿಯ ಹಾವಗೆಪ್ಪ ಬೀದರಿನ ಶತರಂಜ್ ಪಂದ್ಯಕ್ಕೆ ಗಾಡಿ ಕಟ್ಟಿದಾಗ ಹೆಂಡತಿ ಈರಮ್ಮ ಬುತ್ತಿಯ ಜೊತೆಗೆ ಒಂದು ಮಾತನ್ನೂ ಕಟ್ಟಿಕೊಟ್ಟಳು.

"ಗೆದ್ದು ಬಂದ್ರ ನಾ ತುಟಿ ಪಿಟಕ್ಕನ್ನಂಗಿಲ್ರಿ. ಸೋತು ಬಂದ್ರ ಆ ಆಟದ ಹಲಗಿ ಒಲಿಗಿ ಹಾಕ್ತೇನಿ."

ದಿನಾ ಸಂಜೆ ಮನೆಮುಂದಿನ ಕಟ್ಟೆಯ ಮೇಲೆ ಆಟ ಹೂಡಿ, ಒಳಗೆ ರೊಟ್ಟಿ ಆರಲು ಬಿಡುವ ಗಂಡನಿಗೆ ಇದು ಕಡಿಮೆ ಶಿಕ್ಷೆಯೇ. ಆದರೆ ಹಾವಗೆಪ್ಪನಿಗೆ ಅಜ್ಜ ಮಾಡಿಸಿದ ಆ ಸಾಗುವಾನಿ ಹಲಗೆಯೆಂದರೆ ಜೀವ.

ಜಾಗೀರದಾರರ ಹವೇಲಿಯಲ್ಲಿ ಪಂಚರು ಕಟ್ಟಳೆ ಹೇಳಿದರು. ರಾಜ ಒಂದು ಸಲ ಕುದುರೆಯಂತೆ ಜಿಗಿಯಬಹುದು, ಆದರೆ ಎದುರಾಳಿ ಅವನಿಗೆ ಗುರಿಯಿಟ್ಟು ಶಹ ಅನ್ನುವುದಕ್ಕೆ ಮೊದಲೇ. ಎದುರಾಳಿಯ ದಂಡನ್ನೆಲ್ಲ, ಪ್ಯಾದೆ ಎಂಬ ಕಾಲಾಳನ್ನೂ ಬಿಡದೆ, ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಅದು ಬುರ್ಜ್, ಆಟ ಸರಿಸಮ. ಭಾಲ್ಕಿಯಲ್ಲಿ ರಾಜ ಶಹ ಬಿದ್ದ ಮೇಲೂ ಜಿಗಿಯುತ್ತಿದ್ದ. ಹಾವಗೆಪ್ಪನ ತಲೆಯಲ್ಲಿ ಈರಮ್ಮನ ಒಲೆ ಉರಿಯುತ್ತಿತ್ತು. ಪಂಚರ ಮೊದಲ ಮಾತು ಒಳಗಿಳಿಯಲೇ ಇಲ್ಲ.

ಎದುರಿಗೆ ಕೂತವನು ಔರಾದಿನ ಶರಫೋದ್ದೀನ. ಹಾವಗೆಪ್ಪ ಎಂದಿನಂತೆ ಎಡಗಡೆ ಕುದುರೆಯ ಮುಂದಿನ ಪ್ಯಾದೆ ಎತ್ತಿ, ಹಣೆಗೊಮ್ಮೆ ಮುಟ್ಟಿಸಿ, ಒಂದು ಮನೆ ಮುಂದಿಟ್ಟ. ರಾಜನನ್ನು ನಡುವೆಯೇ ಬಿಟ್ಟ, ಹೇಗೂ ಜಿಗಿತವಿದೆಯಲ್ಲ! ಶರಫೋದ್ದೀನ ಶಹ ಕೊಟ್ಟ. ಹಾವಗೆಪ್ಪ ಠೀವಿಯಿಂದ ರಾಜನನ್ನು ಜಿಗಿಸಿದ. ಪಂಚರು ಎತ್ತಿ ಹಿಂದಕ್ಕಿಟ್ಟರು. ರಾಜನನ್ನು ಉಳಿಸಲು ವಜೀರ ಹೋಯಿತು, ಅದರ ಬೆನ್ನಿಗೆ ಆನೆ, ಒಂಟೆ ಎಲ್ಲ ಹೋದವು. ಕೊನೆಗೆ ರಾಜನ ಜೊತೆ ಒಂದೇ ಒಂದು ಪ್ಯಾದೆ ಉಳಿಯಿತು.

ಆಗ ಪಂಚರ ಎರಡನೆಯ ಮಾತು ನೆನಪಾಯಿತು. ಹಾವಗೆಪ್ಪ ಪ್ಯಾದೆಯನ್ನು ಆನೆಯ ಬಾಯಿಗೆ ನೂಕಿದ. ಔರಾದಿನಲ್ಲಿ ಬುರ್ಜ್ ಎಂಬುದೇ ಇಲ್ಲ. ಶರಫೋದ್ದೀನ ರೂಢಿಯ ಕೈಯಿಂದ ಹೊಡೆದೇಬಿಟ್ಟ.

"ಬುರ್ಜ್ ಆತ್ರಿ, ಬರಾಬರ್," ಎಂದರು ಪಂಚರು.

"ಯಾ ಅಲ್ಲಾ! ಗೆದ್ದ ಆಟ ಕೈಯಾರೆ ಕೊಟ್ನಲ್ರಿ!" ಶರಫೋದ್ದೀನ ತಲೆ ಚಚ್ಚಿಕೊಂಡ.

ಮನೆಗೆ ಬಂದ ಕೂಡಲೇ ಈರಮ್ಮ ಕೇಳಿದಳು, "ಗೆದ್ರೇನ್ರಿ?"

"ಇಲ್ಲ."

"ಸೋತ್ರೇನ್ರಿ?"

"ಸೋತಿಲ್ಲ. ಬರಾಬರ್."

ಈರಮ್ಮ ಹಲಗೆ ಎತ್ತಿಕೊಂಡಳು. ಹಾವಗೆಪ್ಪ ತಡೆಯಲು ಕೈ ಚಾಚಿದ. ಅವಳು ಒಲೆ ದಾಟಿ ಬಂದು ಅವನ ಮುಂದೆ ಇಟ್ಟಳು.

"ಹಂಗಾದ್ರ ಅರ್ಧ ನಿಮ್ದು, ಅರ್ಧ ನಂದು. ಒಂದಿನ ಕಟ್ಟಿ ಮ್ಯಾಲ ಆಡ್ರಿ, ಒಂದಿನ ನನ್ನ ಕೂಡ."

"ನಿನಗೆಲ್ಲಿ ಬರ್ತದ?" ಹಾವಗೆಪ್ಪ ನಕ್ಕ.

ಈರಮ್ಮ ಕಾಯಿಗಳನ್ನು ಹೂಡಿದಳು. ಎಡಗಡೆ ಕುದುರೆಯ ಮುಂದಿನ ಪ್ಯಾದೆ ಎತ್ತಿ, ಹಣೆಗೊಮ್ಮೆ ಮುಟ್ಟಿಸಿ, ಒಂದು ಮನೆ ಮುಂದಿಟ್ಟಳು.

ಹಾವಗೆಪ್ಪನ ನಗು ನಿಂತಿತು. ಇಷ್ಟು ವರ್ಷ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದವಳಿಗೆ ಒಮ್ಮೆಯಾದರೂ ಆಟಕ್ಕೆ ಕೂಡು ಎನ್ನಲಿಲ್ಲವಲ್ಲ ಎಂದು ಅವನಿಗೆ ಬಹಳ ನಾಚಿಕೆಯಾಯಿತು.

"ನಿಮ್ಮ ಪಾಳಿರಿ," ಎಂದಳು ಈರಮ್ಮ.