ಕಾರ್ಡಿನ ಹಿಂಬದಿ

ನಮ್ಮ ಕಾರ್ಕಳದ ವಾಚನಾಲಯದಲ್ಲಿ ಪುಸ್ತಕ ಹಿಂದಿರುಗಿಸದವರ ಮನೆಗೆ ಅಂಚೆಕಾರ್ಡು ಹಾಕುವ ರೂಢಿಯಿತ್ತು. ಅಂಚೆಕಾರ್ಡೆಂದರೆ ಮನೆಮಂದಿಯೆಲ್ಲ ಓದುವಂಥದ್ದು. ಹಾಗಾಗಿ ಕೆಲವು ಹೆಂಗಸರಿಗೆ ಅದನ್ನು ಕಳಿಸಬಾರದೆಂದು ನಾನು ಆಯಾ ಪುಸ್ತಕದ ಸೂಚಿಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೆ. ಯಾಕೆ ಕಳಿಸಬಾರದೆಂಬುದನ್ನೂ ಬರೆಯುತ್ತಿದ್ದೆ. ಅದು ಬೇಕಿರಲಿಲ್ಲ. ಆದರೆ ಅವರು ನನಗೊಬ್ಬಳಿಗೇ ಹೇಳಿಕೊಳ್ಳುತ್ತಾರೆ ಎಂಬುದರಲ್ಲಿ ನನಗೊಂದು ಸುಖವಿತ್ತು.

೨೦೦೫ರಲ್ಲಿ ಮಣಿಪಾಲದ ಡೊಮಿನಿಕ್ ಎಂಬ ಎಂಜಿನಿಯರ್ ಕಾರ್ಕಳ, ಉಡುಪಿ, ಕಾಪುವಿನ ಐದು ಗ್ರಂಥಾಲಯಗಳ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಒಟ್ಟಿಗೇ ಹುಡುಕುವ ವ್ಯವಸ್ಥೆ ಕಟ್ಟಿದರು. ಎಂಟು ತಿಂಗಳು ನಾನೊಬ್ಬಳೇ ಕೂತು ನಮ್ಮ ಕಾರ್ಡುಗಳನ್ನೆಲ್ಲ ಟೈಪ್ ಮಾಡಿದೆ. ಹಿಂಬದಿಯನ್ನೂ ಬಿಡಲಿಲ್ಲ.

"ಮೇಡಂ, ಈ ಟಿಪ್ಪಣಿಯ ಕಾಲಂ ಹೊರಗಿನವರಿಗೂ ಕಾಣಬೇಕಾ? ಎಂತ ಉಂಟು ಅದರಲ್ಲಿ?" ಎಂದು ಡೊಮಿನಿಕ್ ಕೇಳಿದ್ದರು.

"ಇರಲಿ ಮಾರಾಯ್ರೆ. ಉಡುಪಿಯವರದ್ದು ಬರೀ ಖಾಲಿ ಅಲ್ವಾ? ನಮ್ಮದಾದರೂ ತುಂಬಿದ್ದು ಕಾಣಲಿ."

"ಒಮ್ಮೆ ನೋಡಿ ಹೇಳಿ."

"ಟೈಪ್ ಮಾಡಿದ್ದು ನಾನೇ. ನನಗೆ ಗೊತ್ತಿಲ್ವಾ?"

ಆ ವ್ಯವಸ್ಥೆ ಶುರುವಾದ ಮೂರನೆಯ ದಿನ ಸವಿತಾ ಬಂದಳು. ನಮ್ಮಲ್ಲಿಂದ ಪುಸ್ತಕ ಒಯ್ಯುತ್ತಿದ್ದ ಕುಕ್ಕುಂದೂರಿನ ಅನ್ನಪೂರ್ಣಳ ಮಗಳು, ಡಿಗ್ರಿ ಓದುತ್ತಿದ್ದಳು. ಗಾರೆ ಕೆಲಸಕ್ಕೆಂದು ಗದಗದ ಕಡೆಯಿಂದ ಬಂದ ಕುಟುಂಬ ಅವರದು.

"ಮೇಡಂ, ನನ್ನ ಅಮ್ಮನ ಹೆಸರು ಹಾಕಿ ಹುಡುಕಿ."

ಹುಡುಕಿದೆ. ಒಂದು ಕಾದಂಬರಿಯ ಹೆಸರಿನ ಕೆಳಗೆ ನನ್ನದೇ ವಾಕ್ಯಗಳು ಬಂದವು. 'ಅನ್ನಪೂರ್ಣ, ಕುಕ್ಕುಂದೂರು. ಗಂಡ ಕುಡಿದು ಬಂದು ಪುಸ್ತಕ ಒಲೆಗೆ ಹಾಕಿದ. ತೆಗೆಯಲು ಹೋಗಿ ಕೈ ಸುಟ್ಟುಕೊಂಡಿದ್ದಾಳೆ. ಮನೆಗೆ ಕಾರ್ಡು ಬೇಡ.'

"ಕಾಲೇಜಿನ ಲ್ಯಾಬಿನಲ್ಲಿ ಎಲ್ಲರೂ ತಮಾಷೆಗೆ ಅವರವರ ಮನೆಯವರ ಹೆಸರು ಹಾಕಿ ನೋಡ್ತಿದ್ರು. ನಾನೂ ಹಾಕಿದೆ. ಗಂಜಿ ಚೆಲ್ಲಿ ಕೈ ಸುಟ್ಟದ್ದು ಅಂತ ಅಮ್ಮ ನನಗೆ ಹೇಳಿದ್ದು," ಎಂದಳು ಸವಿತಾ. ಅವಳು ಅಳಲಿಲ್ಲ. ನಾನು ತಲೆಯೆತ್ತುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಡೊಮಿನಿಕ್‌ಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಕಾಲಂ ಮುಚ್ಚಿದರು. "ಆದರೆ ಮೇಡಂ, ಬೇರೆ ನಾಲ್ಕು ಗ್ರಂಥಾಲಯದವರು ಮೊನ್ನೆಯೇ ಎಲ್ಲವನ್ನೂ ಇಳಿಸಿಕೊಂಡಿದ್ದಾರೆ. ಅವರಿಗೂ ಹೇಳಿ ಅಳಿಸಬೇಕು." ಅದಕ್ಕೆ ಮತ್ತೆ ನಾಲ್ಕು ದಿನ ಹಿಡಿಯಿತು. ಅಂಥ ಟಿಪ್ಪಣಿಗಳು ಒಟ್ಟು ನಲವತ್ತಮೂರು ಇದ್ದವು.

ಸವಿತಾ ಬಂದುಹೋದ ಐದನೆಯ ದಿನ ಕುಕ್ಕುಂದೂರಿಗೆ ಹೋದೆ. ಅನ್ನಪೂರ್ಣ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಮಣೆ ಹಾಕಿದಳು.

"ತಪ್ಪಾಯ್ತು ಅನ್ನಪೂರ್ಣ."

"ನಾ ನಿಮಗ ಹೇಳಿದ್ದೆರಿ ಅಕ್ಕಾರ. ಬರಕೊಳ್ರಿ ಅಂತ ಹೇಳಿದ್ದಿಲ್ಲ." ಮೊರದಿಂದ ಕಣ್ಣೆತ್ತಲಿಲ್ಲ. "ಆವತ್ತಿನಿಂದ ಅವರು ಕುಡಿಯೋದು ಬಿಟ್ಟಾರ. ಏಳು ವರ್ಷ ಆತು. ಮಗಳಂದ್ರ ಜೀವ ಅವರಿಗೆ. ಈಕಿಗೆ ಎಂದೂ ಗೊತ್ತಾಗಬಾರದು ಅಂತ ನಾ ಸುಳ್ಳು ಹೇಳಿಕೋತ ಬಂದಿದ್ದೆ."

"ನಿನ್ನ ಗಂಡನಿಗೆ ನಾನೇ ಹೇಳ್ತೇನೆ. ಬರೆದದ್ದು ನಾನು ಅಂತ."

ಅನ್ನಪೂರ್ಣ ಉತ್ತರ ಕೊಡುವ ಮೊದಲೇ ಅವಳ ಗಂಡ ಕರಿಬಸವ ಸೈಕಲ್ಲಿನಿಂದಿಳಿದ. ಮೈತುಂಬ ಸಿಮೆಂಟು. ನನ್ನನ್ನು ಕಂಡು ತಲೆಯ ಟವೆಲ್ ತೆಗೆದ.

"ಲೈಬ್ರರಿ ಅಕ್ಕಾರು ನಮ್ಮ ಮನಿಗೆ! ಸವಿತಾ, ಚಾ ಇಡವ್ವ."

ಒಳಗಿನಿಂದ ಸವಿತಾ ಓಗೊಡಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ದನಿ ತಗ್ಗಿಸಿದ.

"ನೀವರ ಕೇಳ್ರಿ ಅಕ್ಕಾರ. ನಿಮ್ಮ ಮಾತಂದ್ರ ಕೇಳತಾಳ. ಐದು ದಿನ ಆತು, ನನ್ನ ಕೂಡ ಮಾತಾಡವಲ್ಲಳು. ನಾ ಏನ್ ತಪ್ಪು ಮಾಡೀನಿ?"

ಅನ್ನಪೂರ್ಣಳ ಕೈ ಅಕ್ಕಿಯ ಮೇಲೆ ನಿಂತಿತು. ಹೇಳಬೇಕೆಂದೇ ಎರಡು ಮೈಲಿ ನಡೆದು ಬಂದಿದ್ದೆ. ವಾಕ್ಯವನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

"ಪರೀಕ್ಷೆ ಹತ್ತಿರ ಬಂತಲ್ಲ," ಎಂದೆ. "ಅದರದ್ದೇ ಚಿಂತೆ ಇರಬೇಕು."

"ಹೌದೇನು?" ಎಂದ ಅವನು. ಮುಖ ಅರಳಿತು.

ಅನ್ನಪೂರ್ಣ ಎದ್ದು ಒಳಗೆ ಹೋಗಿ ತಾನೇ ಚಹಾ ಮಾಡಿ ತಂದಳು. ಲೋಟ ಕೊಡುವಾಗ ನನ್ನ ಮುಖ ನೋಡಲಿಲ್ಲ. ಬಾಗಿಲಿನ ಹಿಂದೆ ಸವಿತಾ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನಾನು ಚಹಾ ಪೂರ್ತಿ ಕುಡಿದೆ.