ಅರ್ಧ ಸೆಕೆಂಡು

ನನ್ನ ಗಂಡ ಒತ್ಸೊ ಸತ್ತದ್ದು ಮಾರ್ಚಿನಲ್ಲಿ. ಮೇ ತಿಂಗಳಲ್ಲಿ ಉರ್ಪೊ ನಮ್ಮ ಮನೆಗೆ ಬಂದರು. ಸರೋವರದ ದಂಡೆಯಲ್ಲಿರುವ ಕುಣಿತದ ಮಂಟಪವನ್ನು ನೋಡಿಕೊಳ್ಳುವವರು ಅವರೇ.

"ಮಂಟಪದ ಗೋಡೆಗೆ ನಿನ್ನ ಗಂಡ ತೆಗೆದ ಫೋಟೋ ಒಂದು ಬೇಕು, ಹೆನ್ನಾ. ದೊಡ್ಡದು. ಇರೋದರಲ್ಲೇ ಚೆನ್ನಾಗಿರೋದು ಕೊಡು ಮಗಳೇ. ನನ್ನ ಮೂತಿ ಇರೋದು ಮಾತ್ರ ಬೇಡ, ಬಂದವರು ಓಡಿಹೋಗ್ತಾರೆ."

ಕಳೆದ ಆಗಸ್ಟಿನ ಚಿತ್ರಗಳನ್ನು ತೆರೆದು ಕೂತೆ. ಒಂದೊಂದಕ್ಕೂ ಫ್ಲ್ಯಾಶ್ ಹಿಡಿದವಳು ನಾನೇ. ಮಂಟಪದಲ್ಲಿ ಬೆಳಕು ಕಡಿಮೆ. ಒತ್ಸೊ ಶಟರನ್ನು ಅರ್ಧ ಸೆಕೆಂಡು ತೆರೆದಿಡುತ್ತಿದ್ದ. ಅಷ್ಟರಲ್ಲಿ ಕುಣಿಯುವವರು ಬಣ್ಣದ ಹೊಗೆಯಂತೆ ಹರಡಿಕೊಳ್ಳುತ್ತಾರೆ; ಕೊನೆಗೆ ಫ್ಲ್ಯಾಶ್ ಹೊಡೆದಾಗ ಮುಖವೊಂದು ಆ ಹೊಗೆಯ ಮುಂದೆ ಸ್ಪಷ್ಟವಾಗಿ ನಿಲ್ಲುತ್ತದೆ. ಅವನು ಕ್ಯಾಮೆರಾ ಅಲುಗಿಸುತ್ತಿರಲಿಲ್ಲ. ಹಾಗಾಗಿ ಸೂರಿನ ದೀಪಗಳು ಚುಕ್ಕಿಗಳಾಗಿಯೇ ಉಳಿಯುತ್ತಿದ್ದವು.

ಹನ್ನೊಂದು ಚಿತ್ರಗಳಲ್ಲಿ ಹಾಗಿರಲಿಲ್ಲ. ದೀಪಗಳು ಉದ್ದಕ್ಕೆ ಗೆರೆ ಎಳೆದಿದ್ದವು. ಕ್ಯಾಮೆರಾ ಯಾರನ್ನೋ ಹಿಂಬಾಲಿಸಿತ್ತು. ಹನ್ನೊಂದರಲ್ಲೂ ಗೆರೆಗಳ ನಡುವೆ ನಿಂತವಳು ಒಬ್ಬಳೇ: ಮಂಟಪದ ಕಾಫಿ ಅಂಗಡಿಯ ಮಿರ್ಕಾ. ಬೆವರಿಗೆ ಕೂದಲು ಕತ್ತಿಗೆ ಅಂಟಿದೆ. ಇನ್ನೇನು ನಗಬೇಕು, ಅಷ್ಟರಲ್ಲಿ ಹಿಡಿದಿದ್ದಾನೆ.

ಅವನು ತೆಗೆದದ್ದರಲ್ಲಿ ಅವೇ ಎಲ್ಲಕ್ಕಿಂತ ಚೆನ್ನಾಗಿದ್ದವು. ಅವಳ ಮೇಲೆ ಬೆಳಕು ಹಾಕಿದ್ದು ನನ್ನ ಕೈ.

ಮಾರನೆಯ ದಿನ ಮಧ್ಯಾಹ್ನ ಮಂಟಪಕ್ಕೆ ಹೋದೆ. ಮಿರ್ಕಾ ಅಂಗಡಿಯ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದಳು.

"ಬಾರೇ ಹೆನ್ನಾ. ಏಲಕ್ಕಿ ಬನ್ ಇದೆ. ನಿನ್ನೇದು, ತಂಗಳು ಅಂತ ಬೈಬೇಡ."

"ನೀನು ಅವನ ಜೊತೆ ಕುಣಿದಿದ್ದೀಯಾ?"

ಯಾರ ಜೊತೆ ಎಂದು ಅವಳು ಕೇಳಲಿಲ್ಲ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದಳು.

"ಇಲ್ಲ. ಹೆಂಗಸರೇ ಗಂಡಸರನ್ನ ಕುಣಿಯೋಕೆ ಕರೆಯೋ ಸರದೀಲಿ ಒಂದ್ಸಲ ನಾನೇ ಹೋಗಿ ಕೇಳಿದೆ. ಆಗ ಗಂಡಸರು ಒಲ್ಲೆ ಅನ್ನೋ ಹಾಗಿಲ್ಲ, ಗೊತ್ತಲ್ಲ? ಇವನು ಒಲ್ಲೆ ಅಂದೇಬಿಟ್ಟ. ಕೈ ಖಾಲಿ ಇಲ್ವಂತೆ. ಎಲ್ಲರೆದುರು ನನ್ನ ಮಾನ ಹೋಯ್ತು."

"ನಿನ್ನನ್ನೇ ನೋಡ್ತಿದ್ದ. ಫೋಟೋದಲ್ಲಿ ಗೊತ್ತಾಗತ್ತೆ."

"ನೋಡ್ತಿದ್ದ," ಎಂದಳು. "ನಂಗೂ ಗೊತ್ತಿತ್ತು. ನೋಡಿದ, ಅಷ್ಟೇ ಕಣೇ. ಇನ್ನೇನೂ ಇಲ್ಲ."

ಕುಣಿದಿದ್ದರೆ ಮುಗಿದುಹೋಗುತ್ತಿತ್ತು. ಎರಡು ಹಾಡು ಕುಣಿದು, ಹೆಂಗಸನ್ನು ಅವಳ ಜಾಗಕ್ಕೆ ಕರೆತಂದು ಬಿಡುವುದು ನಮ್ಮಲ್ಲಿನ ಕ್ರಮ. ನೋಟವನ್ನು ಎಲ್ಲಿಗೆ ತಂದು ಬಿಡುವುದು?

"ಅದರಲ್ಲೊಂದು ನಂಗೆ ಕೊಡ್ತೀಯಾ?" ಎಂದಳು ಮಿರ್ಕಾ.

"ಹಾಳಾಗಿವೆ. ಕ್ಯಾಮೆರಾ ಅಲುಗಿದೆ."

ಅವಳು ಮತ್ತೆ ಬಣ್ಣ ಬಳಿಯತೊಡಗಿದಳು. ಬನ್ ತಿನ್ನದೆ ಬಂದೆ.

ಉರ್ಪೊಗೆ ಬೇರೊಂದು ಚಿತ್ರ ಕೊಟ್ಟೆ. ಯಾವುದೋ ಮುದಿ ಜೋಡಿ, ಹಿಂದೆ ವಾದ್ಯದವರು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಆದ್ರೆ ಅವನು ಇನ್ನೂ ಚೆನ್ನಾಗಿ ತೆಗೀತಿದ್ದ ಅಂದ್ಕೊಂಡಿದ್ದೆ."

"ಇಲ್ಲ," ಎಂದೆ. "ಇಷ್ಟೇ ತೆಗೀತಿದ್ದ."